ತನಗೆ ತಾನೇ ಹೆಸರಿಟ್ಟುಕೊಂಡ ಎರಿಕ್ ಎರಿಕ್‌ಸನ್

ಮಗುವನ್ನು ಶಾಲೆಗೆ ಸೇರಿಸುವಾಗ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಾದ ಮೇಲೆ ತಂದೆಯ ಹೆಸರಿನ ಕಾಲಂ ಬರುತ್ತದೆ. ಅದನ್ನು ಬರೆಸುವಾಗ ನಮ್ಮಲ್ಲಿ ಹೆಚ್ಚಿನವರು ಒಂದು ಕ್ಷಣವೂ ಯೋಚಿಸುವುದಿಲ್ಲ. ಮನುಷ್ಯನ ಇಡೀ ಆಯುಷ್ಯವನ್ನು ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಹಂತಗಳಲ್ಲಿ ವಿವರಿಸಿ ಹೆಸರಾದ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ ಅವರಿಗೆ ಮಾತ್ರ, ಆ ಕಾಲಂನಲ್ಲಿ ಏನು ಬರೆಯಬೇಕೆಂಬುದು ತೊಂಬತ್ತೊಂದು ವರ್ಷ ಬದುಕಿದರೂ ತಿಳಿಯಲಿಲ್ಲ.

ಬಿ.ಎಡ್. ಓದಿದ ನಮ್ಮ ಗುರುಗಳಿಗೆಲ್ಲ ಎರಿಕ್‌ಸನ್ ಎಂದರೆ ಶೈಕ್ಷಣಿಕ ಮನೋವಿಜ್ಞಾನದ ಪಠ್ಯದಲ್ಲಿ ಬರುವ ಒಂದು ಪಟ್ಟಿ. ಪಟ್ಟಿ ಬಾಯಿಪಾಠವಾಗುತ್ತದೆ, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತದೆ. ಆದರೆ ಅದನ್ನು ಮಾಡಿದ ಮನುಷ್ಯನ ಕಥೆ ಪಟ್ಟಿಗಿಂತ ದೊಡ್ಡದು. ಐವತ್ತು ತುಂಬಿದ ನಮ್ಮ ಪ್ರೌಢಶಾಲೆಯ ಈ ಸಂಚಿಕೆಯನ್ನು ಅಜ್ಜ, ಮಗ, ಮೊಮ್ಮಗಳು ಮೂವರೂ ತಿರುವಿ ಹಾಕುತ್ತಾರೆ. ಮೂವರ ವಯಸ್ಸಿಗೂ ಹೇಳುವ ಮಾತು ಅವರಲ್ಲಿತ್ತು ಎಂಬ ಕಾರಣಕ್ಕೇ ನಾನು ಅವರನ್ನು ಆರಿಸಿಕೊಂಡೆ.

ಎರಿಕ್ ಹುಟ್ಟಿದ್ದು 1902ರ ಜೂನ್ 15ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ಬಳಿ. ತಾಯಿ ಕಾರ್ಲಾ ಅಬ್ರಹಾಂಸೆನ್ ಡೆನ್ಮಾರ್ಕಿನ ಯೆಹೂದಿ ಮನೆತನದವರು. ಗಂಡ ಬಿಟ್ಟು ಹೋಗಿದ್ದ, ಮಗು ಅವನದಲ್ಲ. ಯಾರದೆಂದು ಕಾರ್ಲಾ ಸಾಯುವವರೆಗೂ ಬಾಯಿ ಬಿಡಲಿಲ್ಲ. ಎರಿಕ್‌ಗೆ ಮೂರು ವರ್ಷವಾದಾಗ ಆಕೆ ಕಾರ್ಲ್ಸ್‌ರೂಯೆ ಎಂಬ ಊರಿನ ಮಕ್ಕಳ ವೈದ್ಯ ಥಿಯೊಡೋರ್ ಹೋಂಬರ್ಗರ್ ಅವರನ್ನು ಮದುವೆಯಾದರು. ವೈದ್ಯರೇ ನಿನ್ನ ಹೆತ್ತ ತಂದೆ ಎಂದು ಮಗುವನ್ನು ನಂಬಿಸಲಾಯಿತು. ಹುಡುಗ ಎರಿಕ್ ಹೋಂಬರ್ಗರ್ ಆದ.

ಆದರೆ ಕನ್ನಡಿ ಸುಳ್ಳು ಹೇಳುವುದಿಲ್ಲವಲ್ಲ. ಹುಡುಗ ನೀಲಿಗಣ್ಣು, ಹೊಂಬಣ್ಣದ ಕೂದಲಿನವನಾಗಿ ಎತ್ತರಕ್ಕೆ ಬೆಳೆದ. ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದ ಮಕ್ಕಳು ಅವನನ್ನು ನಮ್ಮವನಲ್ಲ ಎಂದು ಹಂಗಿಸಿದರು. ಶಾಲೆಗೆ ಹೋದರೆ ಅಲ್ಲಿ ಯೆಹೂದಿ ಎಂದು ಮೂದಲಿಕೆ. ಎರಡೂ ಕಡೆಗೆ ಸಲ್ಲದ ಹುಡುಗ ಓದಿನಲ್ಲೂ ಹೇಳಿಕೊಳ್ಳುವಂಥ ಹೆಸರು ಮಾಡಲಿಲ್ಲ. ಮಲತಂದೆಗೆ ಅವನು ವೈದ್ಯನಾಗಬೇಕೆಂಬ ಆಸೆ. ಅವನೋ ಪ್ರೌಢಶಿಕ್ಷಣ ಮುಗಿಸಿ, ವಿಶ್ವವಿದ್ಯಾಲಯದ ಪದವಿ ಪಡೆಯುವ ಗೋಜಿಗೇ ಹೋಗದೆ, ಚಿತ್ರ ಬರೆಯುತ್ತ ಯೂರೋಪಿನಲ್ಲಿ ಅಲೆದ. ಇಟಲಿಯ ಫ್ಲಾರೆನ್ಸ್‌ನಲ್ಲೂ ಕೆಲಕಾಲ ಇದ್ದ. ನಮ್ಮ ಊರಿನಲ್ಲಾಗಿದ್ದರೆ ಹುಡುಗ ಕೈಬಿಟ್ಟು ಹೋದ ಎಂದು ಕಟ್ಟೆಯ ಮೇಲೆ ತೀರ್ಪು ಕೊಟ್ಟು ಮುಗಿಸುತ್ತಿದ್ದರು.

1927ರಲ್ಲಿ ಬಾಲ್ಯದ ಗೆಳೆಯ ಪೀಟರ್ ಬ್ಲಾಸ್‌ನಿಂದ ವಿಯೆನ್ನಾಕ್ಕೆ ಬರುವಂತೆ ಕರೆ ಬಂತು. ಅಲ್ಲೊಂದು ಪುಟ್ಟ ಶಾಲೆ. ಸಿಗ್ಮಂಡ್ ಫ್ರಾಯ್ಡ್ ಅವರ ಬಳಗದ ಡೊರೊತಿ ಬರ್ಲಿಂಗಂ ನಡೆಸುತ್ತಿದ್ದದ್ದು. ಇಪ್ಪತ್ತೈದರ ಎರಿಕ್ ಅಲ್ಲಿ ಮೇಷ್ಟರಾದರು. ಮಕ್ಕಳು ಅವರ ಹತ್ತಿರ ಸಲೀಸಾಗಿ ಮಾತಾಡುತ್ತಿದ್ದುದನ್ನು ಫ್ರಾಯ್ಡ್ ಅವರ ಮಗಳು ಆನಾ ಗಮನಿಸಿ, ಮನೋವಿಶ್ಲೇಷಣೆಯ ತರಬೇತಿಗೆ ಸೇರಿಸಿಕೊಂಡರು. ಜತೆಗೆ ಮಾಂಟೆಸೊರಿ ಶಿಕ್ಷಕರ ತರಬೇತಿಯೂ ಆಯಿತು. ಮುಂದೆ ದೊಡ್ಡ ಹೆಸರು ಬಂದರೂ ಅವರ ಬುಡ ಇರುವುದು ತರಗತಿಯ ಕೋಣೆಯಲ್ಲೇ. ನಮ್ಮ ಗುರುಗಳು ಇದನ್ನು ಹೆಮ್ಮೆಯಿಂದ ನೆನಪಿಡಬಹುದು.

ಕೆನಡಾದಲ್ಲಿ ಹುಟ್ಟಿದ, ನೃತ್ಯ ಕಲಿತ ಜೋನ್ ಅವರನ್ನು 1930ರಲ್ಲಿ ಮದುವೆಯಾದರು. 1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದಾಗ ಗಂಡ ಹೆಂಡತಿ ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಬಾಸ್ಟನ್ ಸೇರಿದರು. ಅಲ್ಲಿ ಮಕ್ಕಳ ಮನೋವಿಶ್ಲೇಷಣೆ ಮಾಡುವವರು ಬೆರಳೆಣಿಕೆಯಷ್ಟು; ಪದವಿಯಿಲ್ಲದಿದ್ದರೂ ಕೆಲಸ ಸಿಕ್ಕಿತು. 1939ರಲ್ಲಿ ಅಮೆರಿಕದ ಪೌರತ್ವ ಬಂದಾಗ ಮನೆತನದ ಹೆಸರನ್ನೇ ಬದಲಿಸಿದರು. ಹೋಂಬರ್ಗರ್ ಮಧ್ಯಕ್ಕೆ ಸರಿಯಿತು, ಕೊನೆಗೆ ಎರಿಕ್‌ಸನ್ ಬಂತು. ಹಾಗೆಂದರೆ ಎರಿಕ್‌ನ ಮಗ. ತಂದೆಯ ಹೆಸರು ಗೊತ್ತಿಲ್ಲದವನು ತನಗೆ ತಾನೇ ತಂದೆಯಾದ. ಯೆಹೂದಿ ಗುರುತನ್ನೂ ಸಾಕಿದ ತಂದೆಯನ್ನೂ ಮರೆಮಾಡಲು ಹೀಗೆ ಮಾಡಿದರೆಂದು ಮುಂದೆ ಕೆಲವರು ಕಟುವಾಗಿ ಟೀಕಿಸಿದರು. ಹೋಂಬರ್ಗರ್ ಎಂಬುದನ್ನು ಅವರು ಪೂರಾ ಕಿತ್ತುಹಾಕಲಿಲ್ಲ ಎಂಬುದನ್ನು ಟೀಕಿಸುವವರು ಸ್ವಲ್ಪ ನೋಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಇದೇ ಹೊತ್ತಿನಲ್ಲಿ ಅವರು ಪುಸ್ತಕ ಬಿಟ್ಟು ಜನರ ನಡುವೆ ಹೋದರು. 1938ರಲ್ಲಿ ದಕ್ಷಿಣ ಡಕೋಟದ ಸೂ ಬುಡಕಟ್ಟಿನವರ ಬಳಿಗೆ, ಆಮೇಲೆ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿ ದಂಡೆಯ ಯುರೋಕ್ ಮೀನುಗಾರರ ಬಳಿಗೆ. ಸೂ ಜನ ಒಂದು ಕಾಲಕ್ಕೆ ಕಾಡೆಮ್ಮೆ ಬೇಟೆಯಾಡಿ ಹಂಚಿ ತಿಂದವರು. ಕೂಡಿಡುವುದಕ್ಕಿಂತ ಕೊಡುವುದು ದೊಡ್ಡದೆಂದು ಮಕ್ಕಳಿಗೆ ಹೇಳಿಕೊಟ್ಟವರು. ಸರ್ಕಾರಿ ವಸತಿ ಶಾಲೆಗಳು ಆ ಮಕ್ಕಳಿಗೆ ಕಲಿಸುತ್ತಿದ್ದದ್ದು ಕೂಡಿಡುವುದನ್ನು, ಸ್ಪರ್ಧಿಸುವುದನ್ನು. ಮಕ್ಕಳು ಜಗಳವಾಡಲಿಲ್ಲ, ಸುಮ್ಮನೆ ಮಂಕಾಗಿ ಕುಳಿತರು. ದಡ್ಡತನವೆಂದು ಮೇಷ್ಟರುಗಳು ತಿಳಿದದ್ದರಲ್ಲಿ ಎರಿಕ್‌ಸನ್ ಕಂಡದ್ದು ಎರಡು ಲೋಕಗಳ ನಡುವೆ ಸಿಕ್ಕಿಬಿದ್ದ ಜೀವಗಳನ್ನು. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದಾದ ಮಕ್ಕಳನ್ನು ಕಂಡ ಯಾವ ಶಿಕ್ಷಕರಿಗೂ ಇದು ಅರ್ಥವಾಗುತ್ತದೆ. ಮನಸ್ಸು ಬೆಳೆಯುವುದು ಒಳಗಿನ ಆಸೆಗಳಿಂದ ಮಾತ್ರವಲ್ಲ, ಸುತ್ತಲಿನ ಸಮಾಜ ಅದನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದರಿಂದಲೂ ಎಂಬ ಅವರ ನಿಲುವು ಇಲ್ಲಿ ಗಟ್ಟಿಯಾಯಿತು. ಫ್ರಾಯ್ಡ್ ಅವರಿಂದ ಅವರು ಬೇರೆಯಾಗಿ ನಿಲ್ಲುವುದು ಈ ಜಾಗದಲ್ಲಿ.

1950ರಲ್ಲಿ ಬಂದ ಅವರ ಪುಸ್ತಕದ ಹೆಸರು ಬಾಲ್ಯ ಮತ್ತು ಸಮಾಜ ಎಂಬರ್ಥದ್ದು. ಎಂಟು ಹಂತಗಳು ಇರುವುದು ಇದರಲ್ಲೇ. ಹಸುಗೂಸಿಗೆ ಹಸಿವಾದಾಗ ಹಾಲು ಸಿಗುತ್ತದೆಯೇ, ಅತ್ತಾಗ ಯಾರಾದರೂ ಬರುತ್ತಾರೆಯೇ ಎಂಬುದರಿಂದ ಲೋಕದ ಮೇಲೆ ನಂಬಿಕೆಯೋ ಅಪನಂಬಿಕೆಯೋ ಮೊಳೆಯುತ್ತದೆ. ನಡೆಯಲು ಕಲಿತ ಮಗುವಿಗೆ ಎಲ್ಲವನ್ನೂ ತಾನೇ ಮಾಡುವ ಹಟ. ಗದರಿಸಿ ನಾಚಿಸಿದರೆ ತನ್ನ ಮೇಲೇ ಸಂಶಯ. ಆಮೇಲಿನ ಆಟದ ವಯಸ್ಸಿನಲ್ಲಿ ತಾನಾಗಿ ಮುನ್ನುಗ್ಗುವ ಉತ್ಸಾಹ, ಅದರ ಬೆನ್ನಿಗೇ ತಪ್ಪು ಮಾಡಿದೆನೇ ಎಂಬ ಅಳುಕು.

ಶಾಲೆಗೆ ಸೇರಿದ ಮೇಲಿನದು ನಾಲ್ಕನೆಯ ಹಂತ. ಆರರಿಂದ ಹನ್ನೆರಡರವರೆಗಿನ ಮಗುವಿಗೆ ತನ್ನ ಕೈಯಿಂದ ಏನಾದರೂ ಆಗುತ್ತದೆ ಎಂಬುದು ಖಾತ್ರಿಯಾಗಬೇಕು. ಅದು ಲೆಕ್ಕವಿರಬಹುದು, ಕಬಡ್ಡಿಯಿರಬಹುದು, ರಂಗೋಲಿಯಿರಬಹುದು, ಬುಗುರಿ ಕೆತ್ತುವುದೂ ಇರಬಹುದು. ಯಾವುದರಲ್ಲೂ ಸೈ ಎನ್ನಿಸಿಕೊಳ್ಳದ ಮಗುವಿನೊಳಗೆ ಕೀಳರಿಮೆ ಬೇರು ಬಿಡುತ್ತದೆ. ಒಬ್ಬ ಒಳ್ಳೆಯ ಶಿಕ್ಷಕ ಮಗುವಿನಲ್ಲಿ ಒಂದು ಗುಣವನ್ನು ಗುರುತಿಸಿದರೆ ಇಡೀ ಬದುಕಿನ ದಿಕ್ಕು ಬದಲಾಗುವುದನ್ನು ಎರಿಕ್‌ಸನ್ ಮತ್ತೆ ಮತ್ತೆ ಕಂಡವರು. ಅಂಕಪಟ್ಟಿಯಲ್ಲಿ ಆರು ವಿಷಯ ಮಾತ್ರ ಇರುವುದು ನಮ್ಮ ವ್ಯವಸ್ಥೆಯ ಕೊರತೆ, ಮಕ್ಕಳದ್ದಲ್ಲ.

ಐದನೆಯದು ನಮ್ಮ ಪ್ರೌಢಶಾಲೆಯ ವಯಸ್ಸು, ಎರಿಕ್‌ಸನ್ ಹೆಸರು ಜಗತ್ತಿಗೆ ಗೊತ್ತಾದದ್ದೂ ಇದರಿಂದ. ನಾನು ಯಾರು, ಯಾರ ಮಗ, ಏನಾಗಬೇಕು ಎಂಬ ಪ್ರಶ್ನೆಗಳು ಒಟ್ಟಿಗೇ ಎದ್ದು ನಿಲ್ಲುವ ಕಾಲ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವಾಗ, ಅವರು ಹುಚ್ಚರಲ್ಲ, ತಾವು ಯಾರೆಂಬ ಎಳೆ ಕಡಿದುಕೊಂಡವರು ಎಂಬುದನ್ನು ಕಂಡು ಅವರು ಇದಕ್ಕೆ ಅಸ್ಮಿತೆಯ ಬಿಕ್ಕಟ್ಟು ಎಂದು ಹೆಸರಿಟ್ಟರು. ಹರೆಯದವರಲ್ಲೂ ಕಂಡದ್ದು ಅದನ್ನೇ. ಬಿಕ್ಕಟ್ಟು ಎಂದರೆ ರೋಗವಲ್ಲ, ತಿರುವು. ಆ ತಿರುವಿನಲ್ಲಿ ಕೆಲವರಿಗೆ ಒಂದಿಷ್ಟು ಬಿಡುವು ಬೇಕಾಗುತ್ತದೆ ಎಂದವರು, ಸ್ವತಃ ಏಳೆಂಟು ವರ್ಷ ಅಲೆದವರು. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನವೇ ಸೈನ್ಸೋ ಕಾಮರ್ಸೋ ಎಂದು ಕೇಳಿ, ಅದಕ್ಕೇ ಬದುಕನ್ನು ಕಟ್ಟಿಹಾಕುವ ನಮಗೆ ಆ ಬಿಡುವು ಐಷಾರಾಮವೆಂದು ಕಾಣುತ್ತದೆ. ಬಡವರ ಮನೆಯಲ್ಲಿ ಅದು ನಿಜಕ್ಕೂ ಐಷಾರಾಮವೇ. ಈ ಮಾತನ್ನು ಎರಿಕ್‌ಸನ್ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು.

ಆಮೇಲೆ ಆತ್ಮೀಯತೆಯೋ ಒಂಟಿತನವೋ ಎಂಬ ತಾರುಣ್ಯದ ಹಂತ. ನಡುವಯಸ್ಸಿನಲ್ಲಿ ಮುಂದಿನ ತಲೆಮಾರನ್ನು ಪೊರೆಯುವುದೋ ತನ್ನಲ್ಲೇ ಮುದುಡಿ ಜಡವಾಗುವುದೋ ಎಂಬುದು. ಕೊನೆಗೆ ಬಾಳಿದ ಬಾಳನ್ನು ಇದು ನನ್ನದೇ ಎಂದು ಒಪ್ಪುವ ಸಮಗ್ರತೆ, ಇಲ್ಲವೇ ಹತಾಶೆ. ಇದರಲ್ಲೊಂದು ಸ್ವಾರಸ್ಯವಿದೆ. ಮೊದಲು ಪಟ್ಟಿಯಲ್ಲಿದ್ದದ್ದು ಏಳೇ ಹಂತ. ಭಾಷಣಕ್ಕೆಂದು ಹೊರಟು ರೈಲು ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವಾಗ ಗಂಡ ಹೆಂಡತಿಗೆ ತಮ್ಮದೇ ವಯಸ್ಸು ಪಟ್ಟಿಯಲ್ಲಿಲ್ಲ ಎಂಬುದು ಹೊಳೆಯಿತು. ತಾರುಣ್ಯದಿಂದ ನೇರವಾಗಿ ಮುಪ್ಪಿಗೆ ಜಿಗಿದಿದ್ದರು! ಮಕ್ಕಳನ್ನು ಸಾಕುತ್ತ, ದುಡಿಯುತ್ತ ಇರುವವರಿಗೆ ತಮ್ಮ ಕಡೆ ನೋಡಿಕೊಳ್ಳಲು ಪುರುಸೊತ್ತು ಎಲ್ಲಿ? ಏಳನೆಯ ಹಂತ ಬಂದದ್ದು ಹೀಗೆ.

ಈ ಜೋಡಿಗಳಲ್ಲಿ ಒಂದು ಗೆದ್ದು ಇನ್ನೊಂದು ಸಾಯಬೇಕು ಎಂದು ಎರಿಕ್‌ಸನ್ ಹೇಳಲಿಲ್ಲ. ಅಪನಂಬಿಕೆಯೇ ಇಲ್ಲದ ಮಗು ರಸ್ತೆಯಲ್ಲಿ ಯಾರ ಹಿಂದೆ ಬೇಕಾದರೂ ಹೋದೀತು. ತಕ್ಕಡಿ ನಂಬಿಕೆಯ ಕಡೆಗೆ ಸ್ವಲ್ಪ ಹೆಚ್ಚು ವಾಲಿದರೆ ಸಾಕು. ಎಂಜಿನಿಯರಿಂಗ್ ಓದಿದ ನನಗೆ ಹಿಡಿಸಿದ್ದು ಅವರು ಬರೆದ ಕೋಷ್ಟಕ: ಎಂಟು ಸಾಲು, ಎಂಟು ಕಂಬ, ಅರುವತ್ತನಾಲ್ಕು ಮನೆ. ತುಂಬಿರುವುದು ಕರ್ಣದ ಎಂಟು ಮಾತ್ರ. ಉಳಿದವು ಖಾಲಿಯಾದರೂ ದಂಡವಲ್ಲ. ಪ್ರತಿಯೊಂದು ಹಂತವೂ ತನ್ನ ಸರದಿಗೆ ಮೊದಲೂ ಆಮೇಲೂ ಯಾವುದೋ ರೂಪದಲ್ಲಿ ಇದ್ದೇ ಇರುತ್ತದೆ ಎಂಬುದಕ್ಕೆ ಆ ಮನೆಗಳು.

ಈಗ ಹೇಳಲು ಕಷ್ಟವಾದ ಭಾಗ. 1944ರಲ್ಲಿ ಅವರಿಗೆ ನಾಲ್ಕನೆಯ ಮಗು ಹುಟ್ಟಿತು. ನೀಲ್ ಎಂದು ಹೆಸರು. ಮಗುವಿಗೆ ಡೌನ್ ಸಿಂಡ್ರೋಮ್. ಇಂಥ ಮಕ್ಕಳನ್ನು ಮನೆಗೆ ಒಯ್ಯದೆ ಸಂಸ್ಥೆಗೆ ಒಪ್ಪಿಸಿ ಎಂಬುದು ಆ ಕಾಲದ ವೈದ್ಯರ ಸಾಮಾನ್ಯ ಸಲಹೆ. ಹೆರಿಗೆಯ ಬಳಲಿಕೆಯಲ್ಲಿ ಜೋನ್ ಮಲಗಿದ್ದಾಗ ಎರಿಕ್‌ಸನ್ ಆ ಸಲಹೆಗೆ ಒಪ್ಪಿದರು. ಮನೆಯಲ್ಲಿದ್ದ ಮಕ್ಕಳಿಗೆ ತಮ್ಮ ಹುಟ್ಟುವಾಗಲೇ ತೀರಿಕೊಂಡ ಎಂದು ಹೇಳಿದರು. ತನ್ನ ಹುಟ್ಟಿನ ಬಗ್ಗೆ ಸುಳ್ಳು ಕೇಳಿ ಬೆಳೆದವರು ತನ್ನ ಮಗನ ಹುಟ್ಟಿನ ಬಗ್ಗೆ ಸುಳ್ಳು ಹೇಳಿದರು. ನೀಲ್ ಇಪ್ಪತ್ತು ದಾಟುವವರೆಗೂ ಸಂಸ್ಥೆಯಲ್ಲೇ ಬದುಕಿ 1965ರಲ್ಲಿ ತೀರಿಕೊಂಡ. ಆಗ ತಂದೆ ತಾಯಿ ಇಟಲಿಯಲ್ಲಿದ್ದರು. ಅಮೆರಿಕದಲ್ಲಿದ್ದ ಅಣ್ಣ ಜಾನ್, ಅಕ್ಕ ಸೂ ಅಂತ್ಯಕ್ರಿಯೆ ನೋಡಿಕೊಂಡರು. ಹಸುಗೂಸಿನ ನಂಬಿಕೆಯ ಬಗ್ಗೆ ಲೋಕಕ್ಕೇ ಪಾಠ ಹೇಳಿದ ಪುಸ್ತಕ ಬಂದಾಗ ಈ ಮಗುವಿಗೆ ಆರು ವರ್ಷ. ಕಾಲವೇ ಹಾಗಿತ್ತು ಎಂಬುದು ನಿಜ, ನಮ್ಮ ಹಳ್ಳಿಗಳಲ್ಲೂ ಅಂಥ ಮಕ್ಕಳನ್ನು ನೆಂಟರು ಬಂದಾಗ ಹಿಂದಿನ ಕೋಣೆಗೆ ಸರಿಸಿದ್ದುಂಟು. ಆದರೂ ಸುಳ್ಳಿಗೆ ಕಾಲವನ್ನು ಪೂರ್ತಿ ಹೊಣೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಅವರ ಮಗಳು ಸೂ ಮುಂದೆ ಇದನ್ನೆಲ್ಲ ಮುಚ್ಚಿಡದೆ ಪುಸ್ತಕದಲ್ಲಿ ಬರೆದದ್ದು ಒಳ್ಳೆಯದೇ ಆಯಿತು.

ಹೊರಗಿನ ಬದುಕಿನಲ್ಲಿ ಅವರು ಗಟ್ಟಿ ನಿಂತ ಸಂದರ್ಭವೂ ಇದೆ. 1950ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕಮ್ಯುನಿಸ್ಟರಲ್ಲವೆಂದು ಅಧ್ಯಾಪಕರು ಸಹಿ ಹಾಕಬೇಕೆಂದಾಗ, ಆಗಷ್ಟೇ ಸಿಕ್ಕಿದ್ದ ಪ್ರಾಧ್ಯಾಪಕ ಹುದ್ದೆ ಬಿಟ್ಟು ಹೊರಟರು. ಹತ್ತು ವರ್ಷ ಸ್ಟಾಕ್‌ಬ್ರಿಜ್ ಎಂಬ ಸಣ್ಣ ಊರಿನ ಮಾನಸಿಕ ಚಿಕಿತ್ಸಾಲಯದಲ್ಲಿ ತರುಣರ ನಡುವೆ ದುಡಿದರು. 1960ರಲ್ಲಿ, ಒಂದೂ ಪದವಿಯಿಲ್ಲದ ಅವರನ್ನು ಹಾರ್ವರ್ಡ್ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು.

1962ರಲ್ಲಿ ಮನುಷ್ಯನ ಜೀವನಚಕ್ರದ ವಿಚಾರ ಸಂಕಿರಣಕ್ಕೆಂದು ಅವರು ಅಹಮದಾಬಾದಿಗೆ ಬಂದರು. ಆತಿಥ್ಯ ಸಾರಾಭಾಯಿ ಮನೆತನದ್ದು. ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ವಿಕ್ರಂ ಸಾರಾಭಾಯಿ ಅವರ ತಂದೆ ಅಂಬಾಲಾಲ್, 1918ರ ಗಿರಣಿ ಮುಷ್ಕರದಲ್ಲಿ ಮಾಲೀಕರ ಮುಂದಾಳು. ಅಂಬಾಲಾಲರ ಅಕ್ಕ ಅನಸೂಯಾಬೆನ್ ಗಾಂಧೀಜಿಯ ಜತೆ ನಿಂತು ಕಾರ್ಮಿಕರ ಪರ ಹೋರಾಡಿದವರು. ಕೂಲಿ ಶೇಕಡಾ 35 ಹೆಚ್ಚಬೇಕೆಂಬುದು ಬೇಡಿಕೆ. ಕಾರ್ಮಿಕರ ಮನಸ್ಸು ಕದಲಿದಾಗ ಗಾಂಧೀಜಿ ಉಪವಾಸ ಕೂತು ಮೂರು ದಿನದಲ್ಲಿ ರಾಜಿಯಾಯಿತು. ಆಗ ಅವರಿಗೆ ನಲವತ್ತೆಂಟು. ನಡುವಯಸ್ಸಿನ ಮನುಷ್ಯ ಹೇಗೆ ಸಾವಿರಾರು ಜನರನ್ನು ತನ್ನ ಮಕ್ಕಳೆಂದುಕೊಳ್ಳುತ್ತಾನೆ ಎಂಬುದು ಎರಿಕ್‌ಸನ್‌ರ ಕುತೂಹಲ. ಬದುಕಿದ್ದ ಸಾಕ್ಷಿಗಳನ್ನು ಮಾತಾಡಿಸಿ ಅವರು ಬರೆದ ಗಾಂಧೀಜಿಯ ಸತ್ಯದ ಕುರಿತ ಪುಸ್ತಕ 1969ರಲ್ಲಿ ಬಂದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಬ್ರಹ್ಮಚರ್ಯದಿಂದ ಸಂನ್ಯಾಸದವರೆಗಿನ ನಮ್ಮ ಆಶ್ರಮಗಳನ್ನು ತಮ್ಮ ಹಂತಗಳ ಪಕ್ಕಕ್ಕಿಟ್ಟು ನೋಡಿದ್ದೂ ಅದರಲ್ಲಿದೆ. ಅಹಮದಾಬಾದಿನಲ್ಲಿ ಅವರನ್ನು ಕಂಡ ಸುಧೀರ್ ಕಕ್ಕರ್ ಎಂಬ ಎಂಜಿನಿಯರಿಂಗ್ ಓದಿದ ತರುಣ, ಹಿಡಿದ ದಾರಿ ಬಿಟ್ಟು ಮನೋವಿಶ್ಲೇಷಕರಾದರು.

ಆ ಪುಸ್ತಕದ ನಡುವೆ ತೀರಿಹೋದ ಗಾಂಧೀಜಿಗೆ ಒಂದು ದೀರ್ಘ ಪತ್ರವಿದೆ. ಕಸ್ತೂರಬಾ ಅವರೊಡನೆ, ಆಶ್ರಮದ ಮಕ್ಕಳೊಡನೆ ಅವರು ನಡೆದುಕೊಂಡ ರೀತಿಯಲ್ಲಿ ಸತ್ಯದ ಹೆಸರಿನಲ್ಲೇ ಹಿಂಸೆ ನುಸುಳಿತ್ತೆಂದು ಅದರಲ್ಲಿ ನೇರವಾಗಿ ಆಕ್ಷೇಪಿಸುತ್ತಾರೆ. ನೀಲ್ ತೀರಿಕೊಂಡು ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ಇದನ್ನು ಓದುವಾಗ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ.

ಅವರ ಸಿದ್ಧಾಂತದಲ್ಲಿ ಕುಂದುಗಳಿವೆ. ಗಂಡಸಿನ ಬದುಕನ್ನೇ ಅಳತೆಗೋಲು ಮಾಡಿಕೊಂಡರೆಂದು, ಹಾರ್ವರ್ಡ್‌ನಲ್ಲಿ ಅವರ ಜತೆ ಪಾಠ ಮಾಡಿದ ಕ್ಯಾರಲ್ ಗಿಲಿಗನ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ನಮ್ಮ ಅಮ್ಮ ಅಜ್ಜಿಯರು ಮೊದಲು ಸಂಬಂಧಗಳೊಳಗೆ ನೆಲೆನಿಂತು, ಅಲ್ಲಿಂದ ತಾವು ಯಾರೆಂದು ಕಂಡುಕೊಂಡವರು. ಅವರಿಗೆ ಐದನೆಯ ಮತ್ತು ಆರನೆಯ ಹಂತಗಳ ಸರದಿ ಒಪ್ಪುವುದಿಲ್ಲ.

ಎರಿಕ್‌ಸನ್ 1994ರ ಮೇ 12ರಂದು ಮ್ಯಾಸಚೂಸೆಟ್ಸ್‌ನ ಹಾರ್ವಿಚ್‌ನಲ್ಲಿ ತೀರಿಕೊಂಡರು. ಗಂಡನ ಕೊನೆಯ ವರ್ಷಗಳನ್ನು ಹತ್ತಿರದಿಂದ ಕಂಡ ಜೋನ್‌ಗೆ ಎಂಟನೆಯದರಲ್ಲಿ ಎಲ್ಲ ಮುಗಿಯುವುದಿಲ್ಲ ಎನ್ನಿಸಿತು. ಎಂಬತ್ತು ತೊಂಬತ್ತರಲ್ಲಿ ಕಾಲು ಮಾತು ಕೇಳುವುದಿಲ್ಲ, ಕೈಯ ಲೋಟ ನಿಲ್ಲುವುದಿಲ್ಲ. ತನ್ನ ಮೈಯ ಮೇಲಿನ ನಂಬಿಕೆಯೇ ಹೋಗಿ, ಅಂಬೆಗಾಲಿನ ಕಾಲದ ಪ್ರಶ್ನೆಗಳೆಲ್ಲ ಮರಳಿ ಬಂದು ಎದುರು ನಿಲ್ಲುತ್ತವೆ. ಅದನ್ನು ಒಂಬತ್ತನೆಯ ಹಂತವೆಂದು ಕರೆದು ಅವರು ಬರೆದ ಅಧ್ಯಾಯಗಳು ಗಂಡನ ಹಳೆಯ ಪುಸ್ತಕಕ್ಕೆ ಸೇರಿ 1997ರಲ್ಲಿ ಅಚ್ಚಾದವು. ಅದೇ ವರ್ಷ ಜೋನ್ ಕೂಡ ತೀರಿಕೊಂಡರು.