ಲೂಯಿ ಜಾಕ್ ತೆನಾರ್

ಹಿಂದೆ ಮನೆಮನೆಗಳಲ್ಲಿಯೂ ಗಾಯಗಳನ್ನು ತೊಳೆಯಲು ಬಳಸುತ್ತಿದ್ದ, ತಾಗಿದೊಡನೆ ಬುಸುಬುಸನೆ ನೊರೆಯೇಳುವ ಹೈಡ್ರೊಜನ್ ಪೆರಾಕ್ಸೈಡನ್ನು ಅರಿಯದವರು ವಿರಳ. ನೀರಿನಲ್ಲಿರುವುದಕ್ಕಿಂತ ಒಂದು ಆಮ್ಲಜನಕ ಪರಮಾಣು ಇದರಲ್ಲಿ ಹೆಚ್ಚಾಗಿರುವುದು. ಅದನ್ನು ಬಿಟ್ಟುಕೊಡಲು ಈ ದ್ರವವು ಸದಾ ಸಿದ್ಧವಾಗಿರುವುದರಿಂದಲೇ ಪ್ರಯೋಗಶಾಲೆಗಳಲ್ಲಿ ಇದಕ್ಕೆ ಅಷ್ಟು ಪ್ರಾಶಸ್ತ್ಯ. ಇದನ್ನು ಕಂಡುಹಿಡಿದ ತೆನಾರನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರಿಗಾಗಿ ಸಂಗ್ರಹವಾಗಿ ಬರೆಯುತ್ತೇವೆ.

ಈತನು 1777ನೆಯ ಇಸವಿ ಮೇ 4ನೆಯ ತಾರೀಖು ಫ್ರಾನ್ಸ್ ದೇಶದ ಲಾ ಲುಪ್ತಿಯೇರ್ ಎಂಬ ಹಳ್ಳಿಯಲ್ಲಿ ಬಡ ರೈತನ ಮಗನಾಗಿ ಜನಿಸಿದನು. ಔಷಧಶಾಸ್ತ್ರವನ್ನು ಕಲಿಯುವ ಆಶೆಯಿಂದ ಹದಿಹರೆಯದಲ್ಲಿಯೇ ಪ್ಯಾರಿಸ್ ಪಟ್ಟಣವನ್ನು ಸೇರಿ, ಪ್ರಸಿದ್ಧ ರಸಾಯನಶಾಸ್ತ್ರಜ್ಞನಾದ ವೋಕ್ಲೆನನಲ್ಲಿ ತನ್ನನ್ನು ಶಿಷ್ಯನನ್ನಾಗಿ ಸ್ವೀಕರಿಸಬೇಕೆಂದು ಬೇಡಿದನು. ಶಿಷ್ಯರು ತಿಂಗಳಿಗೆ 20 ಫ್ರಾಂಕುಗಳನ್ನು ತೆರಬೇಕಾಗಿತ್ತು. ಹುಡುಗನ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಆಗ ಆ ಮನೆವಾರ್ತೆಯನ್ನು ನಡೆಸುತ್ತಿದ್ದ ಸೋದರಿಯರು ಅವನನ್ನು ಕಂಡು ಮರುಗಿ, ಒಲೆಯ ಮೇಲಿನ ಪಾತ್ರೆಯನ್ನು ನೋಡಿಕೊಳ್ಳಲಾದರೂ ಈತನು ಒದಗುವನೆಂದು ಹೇಳಿ ಇರಿಸಿಕೊಳ್ಳುವಂತೆ ಮಾಡಿದರು. ಹೀಗೆ ತೆನಾರನು ಅಡಿಗೆಮನೆಯ ಮಾರ್ಗವಾಗಿ ಪ್ರಯೋಗಶಾಲೆಯನ್ನು ಪ್ರವೇಶಿಸಿದನು.

ಅವನ ಶ್ರದ್ಧೆಯನ್ನು ಕಂಡ ಗುರುವು 1804ರಲ್ಲಿ ಕಾಲೇಜ್ ದ ಫ್ರಾನ್ಸಿನ ತನ್ನ ಅಧ್ಯಾಪಕ ಪದವಿಯನ್ನೇ ಬಿಟ್ಟುಕೊಟ್ಟು, ಅದು ಶಿಷ್ಯನಿಗೆ ದೊರೆಯುವಂತೆ ಮಾಡಿದನು. ಪಿಂಗಾಣಿಯ ಕೆಲಸಕ್ಕೂ ಚಿತ್ರಗಾರರಿಗೂ ಉಪಯುಕ್ತವಾದ ಕೋಬಾಲ್ಟ್ ನೀಲಿಯನ್ನು ತೆನಾರನು ಸಿದ್ಧಪಡಿಸಿದನು. 1808ರಲ್ಲಿ ಮಿತ್ರನಾದ ಗೇ-ಲೂಸಾಕನೊಡನೆ ಬೋರಾನ್ ಧಾತುವನ್ನು ಬೇರ್ಪಡಿಸಿದನು.

1818ರಲ್ಲಿ ಬೇರಿಯಂ ಪೆರಾಕ್ಸೈಡಿನ ಮೇಲೆ ಆಮ್ಲವನ್ನು ಪ್ರಯೋಗಿಸಿ, ಎಲ್ಲವನ್ನೂ ತಣ್ಣಗಿರಿಸಿಕೊಂಡು, ಆ ಹೊಸ ದ್ರವವನ್ನು ಪಡೆದನು. ಅದಕ್ಕೆ ಆಮ್ಲಜನಕದ ನೀರೆಂಬ ಅರ್ಥದ ಹೆಸರನ್ನಿಟ್ಟನು. ಶುದ್ಧವಾದಾಗ ಅದು ನೀರಿಗಿಂತ ಸುಮಾರು 1.45 ಪಾಲು ಭಾರವಾಗಿತ್ತು; ಚರ್ಮವನ್ನು ಬಿಳುಪುಮಾಡಿ ಉರಿಸುತ್ತಿತ್ತು. ಬೆಳ್ಳಿ, ಪ್ಲಾಟಿನಂ, ರಕ್ತದ ಫೈಬ್ರಿನ್ ಮುಂತಾದುವು ತಾಗಿದರೆ ಅದು ಒಡೆದು ಆಮ್ಲಜನಕವನ್ನು ಹೊರಸೂಸುವುದೆಂದೂ, ಅವು ಮಾತ್ರ ಇದ್ದಂತೆಯೇ ಇರುವುವೆಂದೂ ಆತನು ಕಂಡನು. 1835ರಲ್ಲಿ ಬರ್ಜೀಲಿಯಸನು ಇಂತಹ ಕ್ರಿಯೆಗಳಿಗೆ ಕ್ಯಾಟಲಿಸಿಸ್ ಎಂಬ ಹೆಸರನ್ನು ಕೊಟ್ಟನು. ಕಾಲಕ್ರಮದಲ್ಲಿ ಕಪ್ಪಾದ ಸೀಸದ ಬಿಳಿಬಣ್ಣವನ್ನು ಪುನಃ ಬೆಳ್ಳಗೆ ಮಾಡುವುದಕ್ಕೂ ತೆನಾರನು ಈ ದ್ರವವನ್ನೇ ಸೂಚಿಸಿದನು.

ಆತನ ಸ್ಥೈರ್ಯವೂ ಅಸಾಧಾರಣವಾದುದು. ಒಮ್ಮೆ ಪಾಠ ಹೇಳುತ್ತಿರುವಾಗ ನೀರೆಂದು ಭ್ರಮಿಸಿ ಪಾದರಸದ ಘೋರ ವಿಷಲವಣದ ದ್ರಾವಣವನ್ನು ಕುಡಿದುಬಿಟ್ಟನು. ಗಾಬರಿಗೊಳ್ಳದೆ ಆ ಸಂಗತಿಯನ್ನು ಶಿಷ್ಯರಿಗೆ ತಿಳಿಸಿ ಕೋಳಿಮೊಟ್ಟೆಗಳನ್ನು ತರಹೇಳಿದನು. ಅವರು ಓಡಿಹೋಗಿ ತಂದ ಮೊಟ್ಟೆಯ ಬಿಳಿಲೋಳೆಯಿಂದ ಗುರುವಿನ ಪ್ರಾಣವುಳಿಯಿತು.

1825ರಲ್ಲಿ ತೆನಾರನು ಬ್ಯಾರನ್ ಪದವಿಯನ್ನು ಪಡೆದನು. ಅಷ್ಟು ಎತ್ತರಕ್ಕೇರಿದರೂ ಬಡತನವನ್ನು ಮರೆಯಲಿಲ್ಲ. ಕಡೆಯ ವರ್ಷವಾದ 1857ರಲ್ಲಿ, ಕಷ್ಟದಲ್ಲಿರುವ ವಿಜ್ಞಾನಿಗಳಿಗೂ ಅವರ ಕುಟುಂಬಗಳಿಗೂ ನೆರವಾಗಲು ಒಂದು ಸಂಘವನ್ನು ಸ್ಥಾಪಿಸಿ, ಜೂನ್ 21ರಂದು ಕಾಲವಾದನು. 1865ರಲ್ಲಿ ಆತನ ಹಳ್ಳಿಯು ತನ್ನ ಹೆಸರಿನೊಡನೆ ಆತನ ಹೆಸರನ್ನೂ ಸೇರಿಸಿಕೊಂಡಿತು.

ರಸಾಯನ ಗ್ರಂಥಗಳಲ್ಲಿ ಆ ಸೋದರಿಯರ ಹೆಸರನ್ನು ಯಾರೂ ಹುಡುಕುವುದಿಲ್ಲ. ಆದರೆ ಅವರು ಅಂದು ಸುಮ್ಮನಿದ್ದಿದ್ದರೆ ಆ ಬಾಲಕನ ಗತಿ ಏನಾಗುತ್ತಿತ್ತೋ! ಶುಲ್ಕವನ್ನು ತರಲಾರದ ಮಗುವೊಂದು ಶಾಲೆಯ ಬಾಗಿಲಲ್ಲಿ ನಿಂತಾಗ, ಉಪಾಧ್ಯಾಯಿನಿಯರಾದ ನಾವೂ, ನಾಳೆ ಗೃಹಿಣಿಯರೋ ಉಪಾಧ್ಯಾಯಿನಿಯರೋ ವೈದ್ಯರೋ ಆಗಲಿರುವ ನಮ್ಮ ಬಾಲಿಕೆಯರೂ ಅವರನ್ನು ನೆನೆಯುವುದು ಲೇಸು.