ಕಾಲಿನ 'ನರ' ತೆಗೆದು ಹೃದಯಕ್ಕೆ ಹಾಕಿದರೆ ನಡೆಯಲು ಆಗುವುದಿಲ್ಲವೇ? ಬೈಪಾಸ್‌ಗೆ ದಾರಿ ಮಾಡಿದ ಹಳ್ಳಿ ಡಾಕ್ಟರ ಕಥೆ

ಮನೆಯ ಹಿರಿಯರಿಗೆ ಬೈಪಾಸ್ ಆಗಬೇಕು ಎಂದು ಗೊತ್ತಾದ ಕೂಡಲೇ ನಮ್ಮ ಮೊಬೈಲಿಗೆ ಸಲಹೆಗಳ ಮಳೆ ಸುರಿಯುತ್ತದೆ. ಕಾಲಿನ ನರ ಕಿತ್ತರೆ ಆಮೇಲೆ ನಡೆಯಲು ಆಗದು ಎನ್ನುವುದು ಅವುಗಳಲ್ಲೊಂದು. ಇದು ನಿಜವೇ? ಉತ್ತರಕ್ಕಾಗಿ ಅರ್ಜೆಂಟೀನಾದ ರೆನೆ ಫಾವಲೋರೊ ಅವರ ಬದುಕನ್ನು ನೋಡೋಣ.

ಬಡಗಿಯ ಮಗ, ಹಳ್ಳಿಯ ಡಾಕ್ಟರ್

ಫಾವಲೋರೊ ಹುಟ್ಟಿದ್ದು 1923ರಲ್ಲಿ, ಲಾ ಪ್ಲಾಟಾ ನಗರದಲ್ಲಿ. ತಂದೆ ಬಡಗಿ, ತಾಯಿ ಬಟ್ಟೆ ಹೊಲಿಯುತ್ತಿದ್ದರು. 1949ರಲ್ಲಿ ವೈದ್ಯಕೀಯ ಪದವಿ ಮುಗಿಯಿತು. ಆಸ್ಪತ್ರೆಯ ಹುದ್ದೆ ಬೇಕಿದ್ದರೆ ಆಗಿನ ಆಳುವ ಪಕ್ಷಕ್ಕೆ ನಿಷ್ಠೆ ಬರೆದುಕೊಡಬೇಕಿತ್ತು. ಅವರು ಸಹಿ ಹಾಕಲಿಲ್ಲ. ಕೆಲವು ತಿಂಗಳ ಮಟ್ಟಿಗೆಂದು ಹಸಿಂತೊ ಆರಾವುಸ್ ಎಂಬ ದೂರದ ಹಳ್ಳಿಗೆ ಹೋದವರು ಅಲ್ಲಿ 12 ವರ್ಷ ಉಳಿದರು. ವೈದ್ಯರೇ ಆಗಿದ್ದ ತಮ್ಮನೂ ಜೊತೆಯಾದರು. ಶಸ್ತ್ರಚಿಕಿತ್ಸೆಯ ಕೋಣೆ ಕಟ್ಟಿದರು, ಊರಿನವರಿಗೆ ನರ್ಸಿಂಗ್ ಕಲಿಸಿದರು. ಯಾರ ರಕ್ತ ಯಾವ ಗುಂಪು ಎಂದು ಬರೆದಿಟ್ಟುಕೊಂಡು, ಬೇಕಾದಾಗ ಅವರನ್ನೇ ಕರೆಸಿ ರಕ್ತ ಪಡೆಯುತ್ತಿದ್ದರು.

ಬ್ಲಾಕ್ ತೆಗೆಯುವುದಲ್ಲ, ಸುತ್ತಿ ಹೋಗುವುದು

1962ರಲ್ಲಿ ಅವರು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಹೋದರು. ಹೃದಯದ ರಕ್ತನಾಳಗಳನ್ನು ಫಿಲ್ಮಿನಲ್ಲಿ ತೋರಿಸುವ ಆಂಜಿಯೋಗ್ರಾಮ್ ರೂಪಿಸಿದ ಮೇಸನ್ ಸೋನ್ಸ್ ಅಲ್ಲೇ ಇದ್ದರು. ದಿನದ ಕೆಲಸ ಮುಗಿದ ಮೇಲೆ ಫಾವಲೋರೊ ಗಂಟೆಗಟ್ಟಲೆ ಕೂತು ಆ ಫಿಲ್ಮುಗಳನ್ನು ನೋಡುತ್ತಿದ್ದರು. ನಾಳ ಎಲ್ಲಿ ಮುಚ್ಚಿದೆ, ಅದರಾಚೆ ಎಲ್ಲಿ ಚೆನ್ನಾಗಿದೆ ಎನ್ನುವುದು ಅಲ್ಲಿ ಕಾಣುತ್ತಿತ್ತು.

1967ರ ಮೇ ತಿಂಗಳಲ್ಲಿ 51 ವರ್ಷದ ಮಹಿಳೆಯೊಬ್ಬರ ಹೃದಯದ ಬಲಬದಿಯ ಕರೋನರಿ ನಾಳ ಪೂರ್ತಿ ಮುಚ್ಚಿತ್ತು. ಫಾವಲೋರೊ ಅವರ ಕಾಲಿನಿಂದಲೇ ತೆಗೆದ ರಕ್ತನಾಳದ ತುಂಡನ್ನು ಜೋಡಿಸಿ ರಕ್ತ ಹರಿಯುವಂತೆ ಮಾಡಿದರು. ಮುಂದೆ ಮಹಾಪಧಮನಿಯಿಂದ ನೇರವಾಗಿ ಬ್ಲಾಕಿನ ಆಚೆಗೆ ನಾಳ ಹೊಲಿಯುವ ವಿಧಾನ ಬಂತು. ಊರೊಳಗೆ ದಾರಿ ಕಟ್ಟಿದರೆ ಹೊರಗಿನಿಂದ ಸುತ್ತು ರಸ್ತೆ ಹಾಕಿದ ಹಾಗೆ. ಬ್ಲಾಕ್ ಇದ್ದಲ್ಲೇ ಇರುತ್ತದೆ.

ಇಂಥ ಪ್ರಯತ್ನ ಮಾಡಿದವರಲ್ಲಿ ಅವರೇ ಮೊದಲಿಗರಲ್ಲ. 1964ರಲ್ಲಿ ಲೆನಿನ್‌ಗ್ರಾಡ್‌ನ ವಸಿಲಿ ಕೊಲೆಸೊವ್ ಎದೆಯೊಳಗಿನ ಅಪಧಮನಿಯನ್ನೇ ಹೃದಯಕ್ಕೆ ಜೋಡಿಸಿದ್ದರು. ಆದರೆ ಇದನ್ನು ಎಲ್ಲ ಸರ್ಜನ್‌ಗಳೂ ಮಾಡಬಹುದಾದ ಕ್ರಮಬದ್ಧ ಚಿಕಿತ್ಸೆಯಾಗಿಸಿದವರಲ್ಲಿ ಫಾವಲೋರೊ ಮುಖ್ಯರು.

ಹಾಗಾದರೆ ಕಾಲಿನ ಗತಿ?

ಮೊದಲಿಗೆ, ತೆಗೆಯುವುದು ನರವಲ್ಲ, ಚರ್ಮದ ಕೆಳಗಿರುವ ಅಭಿಧಮನಿ. ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ಹೆಚ್ಚಿನ ಕೆಲಸ ಮಾಡುವುದು ಆಳದಲ್ಲಿರುವ ಬೇರೆ ನಾಳಗಳು. ಆದ್ದರಿಂದ ರೋಗಿಗಳು ಮತ್ತೆ ನಡೆಯುತ್ತಾರೆ. ನಿಜ ಹೇಳಬೇಕೆಂದರೆ, ಬೇಗ ನಡೆಸುವುದೇ ಚಿಕಿತ್ಸೆಯ ಭಾಗ. ಎದೆಗಿಂತ ಕಾಲಿನ ಗಾಯವೇ ಹೆಚ್ಚು ಕಾಡಿತು ಎನ್ನುವ ರೋಗಿಗಳಿದ್ದಾರೆ. ಪಾದದ ಬಳಿ ಊತ, ಗಾಯದ ಸುತ್ತ ಜೋಮು ಕೆಲವು ಕಾಲ ಇರಬಹುದು. ಕೀವು, ಜ್ವರ, ಮೀನಖಂಡದಲ್ಲಿ ಹೊಸ ನೋವು ಕಂಡರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ. ಎದೆಮೂಳೆ ಕೂಡಿಕೊಳ್ಳಲು ಸುಮಾರು 6ರಿಂದ 8 ವಾರ ಬೇಕು.

ಕಾಲಿನ ನಾಳಕ್ಕೂ ಒಂದು ಮಿತಿಯಿದೆ. ಅದು ಹೆಚ್ಚಿನ ಒತ್ತಡಕ್ಕೆ ಹುಟ್ಟಿದ್ದಲ್ಲ. 10 ವರ್ಷಗಳಲ್ಲಿ ಅರ್ಧದಷ್ಟು ಮುಚ್ಚಬಹುದು ಅಥವಾ ಕೆಡಬಹುದು. ಎದೆಯೊಳಗಿನ ಅಪಧಮನಿಯಾದರೆ ಸುಮಾರು 90 ಶೇಕಡಾ ತೆರೆದೇ ಇರುತ್ತದೆ. ಹಾಗಾಗಿ ಇಂದು ಮುಖ್ಯ ನಾಳಕ್ಕೆ ಎದೆಯದು, ಉಳಿದವಕ್ಕೆ ಕಾಲಿನದು ಅಥವಾ ಮುಂಗೈಯದು ಬಳಸುತ್ತಾರೆ. ಯಾವ ನಾಳ ಬಳಸುತ್ತೀರಿ ಎಂದು ಸರ್ಜನ್ನರನ್ನು ಕೇಳಲು ಸಂಕೋಚ ಬೇಡ. ಬೈಪಾಸ್ ಆಯಿತೆಂದು ಮಾತ್ರೆ ನಿಲ್ಲಿಸುವುದು, ಸಿಗರೇಟು ಮುಂದುವರಿಸುವುದು ಹೊಸ ದಾರಿಯನ್ನೂ ಮುಚ್ಚಿಸುತ್ತದೆ.

ಕೊನೆಯ ದಿನಗಳು

ಅಮೆರಿಕದಲ್ಲಿ ಹೆಸರು, ಹಣ ಎರಡೂ ಇದ್ದವು. ಆದರೂ 1971ರಲ್ಲಿ ಫಾವಲೋರೊ ತಾಯ್ನಾಡಿಗೆ ಮರಳಿದರು. 1975ರಲ್ಲಿ ಪ್ರತಿಷ್ಠಾನ ಕಟ್ಟಿದರು. ಲ್ಯಾಟಿನ್ ಅಮೆರಿಕದ ನೂರಾರು ವೈದ್ಯರು ಅಲ್ಲಿ ಕಲಿತರು. ಕೊಡಲು ಹಣವಿಲ್ಲದ ರೋಗಿಗಳಿಗೂ ಬಾಗಿಲು ತೆರೆದಿತ್ತು. 2000ದ ಹೊತ್ತಿಗೆ ದೇಶದ ಆರ್ಥಿಕ ಬಿಕ್ಕಟ್ಟಿನಲ್ಲಿ ಬರಬೇಕಾದ ಹಣ ಬಾರದೆ ಸಂಸ್ಥೆ ಸಾಲದಲ್ಲಿ ಮುಳುಗಿತು. ಅವರ ಸಹಾಯದ ಕೋರಿಕೆಗಳು ಫಲಿಸಲಿಲ್ಲ. ಆ ವರ್ಷ ಜುಲೈ 29ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರ ಸಂಸ್ಥೆ ಉಳಿಯಿತು.

ಇದರಲ್ಲಿ ನಮಗೂ ಒಂದು ಎಚ್ಚರಿಕೆಯಿದೆ. ಬೈಪಾಸ್ ಆದವರಲ್ಲೂ ಅಳು, ಬೇಸರ, ನಿದ್ದೆಗೆಡುವುದು ಸಾಮಾನ್ಯ. ಅದು ದೌರ್ಬಲ್ಯವಲ್ಲ. ಮನಸ್ಸು ಭಾರವಾದರೆ ಮನೆಯವರಿಗೆ, ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.

ಮುಂದಿನ ಸಲ ಕಾಲಿನ ನರದ ಸಂದೇಶ ಬಂದರೆ, ಅದನ್ನು ಫಾರ್ವರ್ಡ್ ಮಾಡುವ ಬದಲು ಈ ಕಥೆಯನ್ನು ಕಳಿಸಿ. ಆಪರೇಷನ್ ಟೇಬಲ್ ಮೇಲೆ ಮಲಗಬೇಕಾದವರಿಗೆ ಅರ್ಧ ಧೈರ್ಯ ಬರುವುದು ನಿಜ ತಿಳಿದಾಗಲೇ.