ಡೌನ್ ಗ್ರಾಮದ ಡಾರ್ವಿನ್: ನಂಬಿಕೆ ಸಡಿಲಿದ ಬಗೆ

ಬುದ್ಧಿಯ ಅಹಂಕಾರವೇ ಚಾರ್ಲ್ಸ್ ಡಾರ್ವಿನ್ ಅವರನ್ನು ದೇವರಿಂದ ದೂರ ಮಾಡಿತೆಂದು ಎಷ್ಟೋ ಕ್ರೈಸ್ತರು ಭಾವಿಸುತ್ತಾರೆ. ಕ್ರೈಸ್ತನೂ ವೈದ್ಯನೂ ಆದ ನನಗೆ ಅವರ ಬದುಕು ಬೇರೆಯದನ್ನೇ ತಿಳಿಸುತ್ತದೆ.

1809ರಲ್ಲಿ ವೈದ್ಯರ ಮಗನಾಗಿ ಹುಟ್ಟಿದ ಡಾರ್ವಿನ್, ಅರಿವಳಿಕೆಯಿಲ್ಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಎಡಿನ್‌ಬರೋದ ವೈದ್ಯಶಿಕ್ಷಣವನ್ನು ತೊರೆದರು; ಪಾದ್ರಿಯಾಗುವ ಉದ್ದೇಶದಿಂದ ಕೇಂಬ್ರಿಜ್ ಸೇರಿದರು. ಬೀಗಲ್ ಹಡಗನ್ನೇರಿದಾಗ ಬೈಬಲನ್ನು ನಂಬಿದ್ದರು. 1836ರಲ್ಲಿ ಮರಳಿದ ಮೇಲೆ ಸಂಶಯ ಮೆಲ್ಲನೆ ಬೆಳೆಯಿತು. ಪವಾಡಗಳಿಗೆ ಸಾಕ್ಷ್ಯ ಸಾಲದೆನಿಸಿತು. ನಂಬದವರಿಗೆ ನಿತ್ಯನರಕವೆಂಬ ಬೋಧನೆಯು ತಮ್ಮ ತಂದೆಯನ್ನೂ ಅಣ್ಣನನ್ನೂ ದಂಡನೆಗೆ ಗುರಿಮಾಡುವುದನ್ನು ಅವರ ಮನಸ್ಸು ಒಪ್ಪಲಿಲ್ಲ. 1851ರಲ್ಲಿ ಹತ್ತು ವರ್ಷದ ಮಗಳು ಆನಿ ತೀರಿಕೊಂಡಳು. ಮೊದಲೇ ಶಿಥಿಲವಾಗಿದ್ದ ನಂಬಿಕೆಗೆ ಆ ದುಃಖವೂ ಕೂಡಿತು. ಆದರೂ ಕೊನೆಗಾಲದಲ್ಲಿ ಅವರು ತಮ್ಮನ್ನು ನಾಸ್ತಿಕರೆಂದಲ್ಲ, ಅಜ್ಞೇಯವಾದಿಯೆಂದೇ ಕರೆದುಕೊಂಡರು.

ಭಕ್ತೆಯಾದ ಪತ್ನಿ ಎಮ್ಮಾ ಮದುವೆಯ ಹೊಸತರಲ್ಲಿಯೇ ತಮ್ಮ ಆತಂಕವನ್ನು ಪತ್ರದಲ್ಲಿ ತೋಡಿಕೊಂಡಿದ್ದರು. ಡಾರ್ವಿನ್ ಅದನ್ನು ಕಡೆಯವರೆಗೂ ಜೋಪಾನವಾಗಿಟ್ಟುಕೊಂಡರು. ಇಂದು ಲಂಡನ್ ಮಹಾನಗರದ ಬ್ರಾಮ್ಲಿಗೆ ಸೇರಿರುವ ಡೌನ್ ಗ್ರಾಮದಲ್ಲಿ 1842ರಿಂದ ಅವರ ವಾಸ. ಭಾನುವಾರ ಮನೆಯವರು ಚರ್ಚಿಗೆ ಹೋದರೆ ಅವರು ವಾಯುವಿಹಾರಕ್ಕೆ ಹೋಗುತ್ತಿದ್ದರು. ಆದರೆ ಪಾದ್ರಿ ಇನ್ನೆಸ್ ಅವರ ಸ್ನೇಹವನ್ನಾಗಲಿ, ಊರಿನ ಬಡವರ ಸಹಾಯನಿಧಿಯ ಲೆಕ್ಕಪತ್ರವನ್ನಾಗಲಿ ಬಿಡಲಿಲ್ಲ. 1882ರಲ್ಲಿ ನಿಧನರಾದಾಗ ವೆಸ್ಟ್‌ಮಿನ್‌ಸ್ಟರ್ ಅಬೆಯೇ ಅವರಿಗೆ ಸಮಾಧಿಸ್ಥಳವಾಯಿತು.

ಪರದೇಶಕ್ಕೆ ಹೋದ ಮಕ್ಕಳು ಪ್ರಾರ್ಥನೆ ಬಿಟ್ಟರೆಂದು ಊರಿನಲ್ಲಿ ಕೊರಗುವ ಹಿರಿಯರು ಎಮ್ಮಾ ಅವರನ್ನು ನೆನೆಯಬೇಕು. ನಿರಾಕರಣೆಯ ಹಿಂದೆ ಅಹಂಕಾರಕ್ಕಿಂತ ಹೆಚ್ಚಾಗಿ ಉತ್ತರ ಸಿಗದ ಪ್ರಶ್ನೆಯೋ ಮಾಯದ ನೋವೋ ಇರಬಹುದು. ತೀರ್ಪು ನೀಡುವ ಮೊದಲು ಅದನ್ನು ಕೇಳಿಸಿಕೊಳ್ಳುವುದೇ ವಿಶ್ವಾಸಿಯ ಧರ್ಮ.